ಸ್ತನ ಕ್ಯಾನ್ಸರ್‌ಗೆ ‘ಕರೆಂಟ್’ ಕೊಡುವಾಗ: ಹೊರಡುವ ಮುಂಚಿನಿಂದ ಊರಿಗೆ ಮರಳಿದ ಮೇಲಿನವರೆಗೆ

ದಾವಣಗೆರೆ, ಚಿತ್ರದುರ್ಗದ ಹಳ್ಳಿಗಳಲ್ಲಿ ರೇಡಿಯೇಷನ್ ಅಂದರೆ ಎಷ್ಟೋ ಜನಕ್ಕೆ ಅರ್ಥವಾಗುವುದಿಲ್ಲ. ‘ಕರೆಂಟ್ ಕೊಡೋದು’ ಅಂದರೆ ತಕ್ಷಣ ಗೊತ್ತಾಗುತ್ತದೆ. ಆದರೆ ಆ ಹೆಸರೇ ಅರ್ಧ ಭಯ ಹುಟ್ಟಿಸಿಬಿಟ್ಟಿದೆ. ಮೈಗೆ ಶಾಕ್ ಹೊಡೆಯುತ್ತದೆ, ಒಳಗೆಲ್ಲ ಸುಟ್ಟುಹೋಗುತ್ತದೆ, ಮನೆಗೆ ಬಂದರೆ ಮಕ್ಕಳನ್ನು ಮುಟ್ಟುವಂತಿಲ್ಲ ಎಂಬ ಮಾತುಗಳು ಆಸ್ಪತ್ರೆ ಸೇರುವ ಮೊದಲೇ ರೋಗಿಯ ಕಿವಿಗೆ ಬಿದ್ದಿರುತ್ತವೆ. ಮೂರೂ ಸುಳ್ಳು. ಇದು ಎಕ್ಸ್‌ರೇಯ ಜಾತಿಯದೇ ಕಿರಣ, ಶಕ್ತಿ ಮಾತ್ರ ಬಹಳ ಹೆಚ್ಚು. ಕಿರಣ ಬೀಳುವಾಗ ಏನೂ ಗೊತ್ತಾಗುವುದಿಲ್ಲ. ಮಷೀನ್ ಆಫ್ ಆದ ಕ್ಷಣದಿಂದ ಮೈಯಲ್ಲಿ ಕಿರಣ ಉಳಿಯುವುದಿಲ್ಲ. ಮೊಮ್ಮಗುವನ್ನು ಎತ್ತಿಕೊಳ್ಳಬಹುದು, ಒಂದೇ ತಟ್ಟೆಯಲ್ಲಿ ಉಣ್ಣಬಹುದು.

ನಿಜವಾಗಿ ತೊಂದರೆ ಕೊಡುವ ಸಂಗತಿಗಳು ಬೇರೆ. ಮೇಲೆತ್ತಲು ಬಾರದ ತೋಳು, ನಡುವೆ ತಪ್ಪಿಹೋಗುವ ದಿನಗಳು, ಮತ್ತು ಎಲ್ಲ ಮುಗಿಯಿತು ಎಂದು ಊರಿಗೆ ಬಂದ ಮೇಲೆ ಒಡೆಯುವ ಚರ್ಮ. ಮೊದಲೇ ತಯಾರಿ ಮಾಡಿಕೊಂಡರೆ ಈ ಮೂರನ್ನೂ ಬಹಳ ಮಟ್ಟಿಗೆ ತಡೆಯಬಹುದು.

ಗಡ್ಡೆ ತೆಗೆದ ಮೇಲೂ ಯಾಕೆ?

ಎಲ್ಲ ಮನೆಯವರೂ ಕೇಳುವ ಪ್ರಶ್ನೆ ಇದು. ಆಪರೇಷನ್‌ನಲ್ಲಿ ಕೈಗೆ, ಕಣ್ಣಿಗೆ ಸಿಕ್ಕಿದ್ದನ್ನು ತೆಗೆಯುತ್ತಾರೆ. ಸ್ತನದಲ್ಲಿ, ಎದೆಯ ಗೋಡೆಯಲ್ಲಿ, ಕಂಕುಳ ಮತ್ತು ಕೊರಳೆಲುಬಿನ ಹತ್ತಿರದ ಗ್ರಂಥಿಗಳಲ್ಲಿ ಉಳಿದಿರಬಹುದಾದ ಜೀವಕೋಶಗಳು ಯಾವ ಸ್ಕ್ಯಾನಿಗೂ ಕಾಣಿಸುವುದಿಲ್ಲ. ರೇಡಿಯೇಷನ್ ಅವುಗಳಿಗಾಗಿ. ಸ್ತನ ಉಳಿಸಿ ಗಡ್ಡೆ ಮಾತ್ರ ತೆಗೆಸಿಕೊಂಡ ಹತ್ತು ಸಾವಿರಕ್ಕೂ ಹೆಚ್ಚು ಮಹಿಳೆಯರ ಮಾಹಿತಿ ಒಟ್ಟುಗೂಡಿಸಿ 2011ರಲ್ಲಿ ಪ್ರಕಟವಾದ ವಿಶ್ಲೇಷಣೆ ಇದನ್ನು ಸ್ಪಷ್ಟವಾಗಿ ತೋರಿಸಿತು. ರೇಡಿಯೇಷನ್ ಇಲ್ಲದವರಲ್ಲಿ 10 ವರ್ಷದೊಳಗೆ ಕಾಯಿಲೆ ಮರಳಿದ್ದು ಸುಮಾರು 35%, ಪಡೆದವರಲ್ಲಿ ಸುಮಾರು 19%. ಸ್ತನ ಪೂರ್ತಿ ತೆಗೆಸಿಕೊಂಡವರೆಲ್ಲರಿಗೂ ಇದು ಬೇಕಾಗುವುದಿಲ್ಲ. ಕಂಕುಳ ಗ್ರಂಥಿಗೆ ಹರಡಿದ್ದರೆ, ಗಡ್ಡೆ 5 ಸೆಂ.ಮೀ.ಗಿಂತ ದೊಡ್ಡದಿದ್ದರೆ ಸಾಮಾನ್ಯವಾಗಿ ಕೊಡುತ್ತಾರೆ.

ಡೋಸನ್ನು ‘ಗ್ರೇ’ ಎಂಬ ಮಾನದಲ್ಲಿ ಅಳೆಯುತ್ತಾರೆ. ಹಳೆಯ ಪದ್ಧತಿಯಲ್ಲಿ 50 ಗ್ರೇ, 25 ದಿನ, ಅಂದರೆ 5 ವಾರ. ಈಗ ಹೆಚ್ಚು ಬಳಕೆಯಲ್ಲಿರುವುದು 40 ಗ್ರೇ, 15 ದಿನ, 3 ವಾರ. ಆಯ್ದ ಕೆಲವರಿಗೆ 26 ಗ್ರೇಯನ್ನು 5 ದಿನದಲ್ಲೇ ಮುಗಿಸುವ ಪದ್ಧತಿಯೂ ಇದೆ, ಅದರ ಫಲಿತಾಂಶ 2020ರಲ್ಲಿ ಬಂತು. ಸ್ತನ ಉಳಿಸಿಕೊಂಡವರಲ್ಲಿ ಗಡ್ಡೆ ಇದ್ದ ಜಾಗಕ್ಕೆ ಮಾತ್ರ ‘ಬೂಸ್ಟ್’ ಎಂದು ಇನ್ನೂ 4ರಿಂದ 8 ದಿನ ಸೇರಿಸುವುದುಂಟು. ಪಕ್ಕದ ಹಾಸಿಗೆಯವರಿಗೆ 15 ದಿನ, ನಮಗೆ 25 ದಿನ ಅಂದರೆ ನಮ್ಮ ಕಾಯಿಲೆ ಜಾಸ್ತಿ ಎಂದರ್ಥವಲ್ಲ. ನಿಮ್ಮ ಡಾಕ್ಟರನ್ನು ಒಂದೇ ಪ್ರಶ್ನೆ ಕೇಳಿ: ‘ನನಗೆ ಬೂಸ್ಟ್ ಸೇರಿ ಒಟ್ಟು ಎಷ್ಟು ದಿನ?’ ಉಳಿಯುವ ವ್ಯವಸ್ಥೆ, ಹೊಲದ ಕೆಲಸ, ಮಕ್ಕಳ ಪರೀಕ್ಷೆ ಎಲ್ಲವೂ ಆ ಸಂಖ್ಯೆಯ ಮೇಲೆ ನಿಂತಿದೆ.

ದಿನಕ್ಕಿಷ್ಟು ಎಂದು ಕೊಡುವುದಕ್ಕೂ ಕಾರಣವಿದೆ. ಒಂದು ದಿನದ ಡೋಸಿಗೆ ಒಳ್ಳೆಯ ಜೀವಕೋಶಕ್ಕೂ ಪೆಟ್ಟು ಬೀಳುತ್ತದೆ, ಕ್ಯಾನ್ಸರ್ ಕೋಶಕ್ಕೂ ಬೀಳುತ್ತದೆ. ಮಾರನೆಯ ದಿನದೊಳಗೆ ಒಳ್ಳೆಯ ಕೋಶ ರಿಪೇರಿ ಮಾಡಿಕೊಳ್ಳುತ್ತದೆ, ಕ್ಯಾನ್ಸರ್ ಕೋಶಕ್ಕೆ ಅಷ್ಟು ಚೆನ್ನಾಗಿ ಆಗುವುದಿಲ್ಲ. ಬಿಡುವು ಉದ್ದವಾದರೆ ಅದಕ್ಕೂ ಚೇತರಿಸಿಕೊಳ್ಳಲು ಸಮಯ ಸಿಕ್ಕಿಬಿಡುತ್ತದೆ. ಆದ್ದರಿಂದ ನಡುವೆ ‘ಹಬ್ಬ ಮುಗಿಸಿಕೊಂಡು ಬರ್ತೀವಿ’ ಎಂದು ಒಂದು ವಾರ ಊರಿಗೆ ಹೋಗುವುದು ಬೇಡ. ಶನಿವಾರ, ಭಾನುವಾರದ ಬಿಡುವು ಲೆಕ್ಕದಲ್ಲೇ ಇರುತ್ತದೆ. ಮಷೀನ್ ಕೆಟ್ಟು ಒಂದು ದಿನ ತಪ್ಪಿದರೆ ಡಾಕ್ಟರ್ ಸರಿದೂಗಿಸುತ್ತಾರೆ, ಅದಕ್ಕೆ ಗಾಬರಿಯಾಗಬೇಡಿ.

ಹೊರಡುವ ಮುಂಚೆ

ಕೀಮೋ ಆಗಿದ್ದರೆ ಕೊನೆಯ ಡೋಸ್ ಆಗಿ 3–4 ವಾರಕ್ಕೆ, ಆಪರೇಷನ್ ಮಾತ್ರ ಆಗಿದ್ದರೆ ಗಾಯ ಒಣಗಿದ ಮೇಲೆ, ಸಾಮಾನ್ಯವಾಗಿ 4ರಿಂದ 8 ವಾರದೊಳಗೆ ಶುರುಮಾಡುತ್ತಾರೆ. ದೊಡ್ಡ ಆಸ್ಪತ್ರೆಗಳಲ್ಲಿ ಮಷೀನಿಗೆ ಸರದಿ ಇರುತ್ತದೆ. ಕೀಮೋ ಪೂರ್ತಿ ಮುಗಿಯಲಿ ಎಂದು ಕಾಯಬೇಡಿ, ಕೊನೆಯ ಎರಡು ಸೈಕಲ್ ಬಾಕಿ ಇರುವಾಗಲೇ ರೇಡಿಯೇಷನ್ ವಿಭಾಗಕ್ಕೆ ಹೋಗಿ ಹೆಸರು ಬರೆಸಿ.

ಊರ ಹತ್ತಿರವೇ ಆಗುವುದಾದರೆ ಅದಕ್ಕಿಂತ ಅನುಕೂಲ ಇಲ್ಲ. ಹಾಗಾಗಿ ಮೊದಲು ದಾವಣಗೆರೆಯಲ್ಲೇ ವಿಚಾರಿಸಿ: ಲಿನಾಕ್ (ಕಿರಣ ಕೊಡುವ ಮಷೀನ್) ಇದೆಯೇ, ಸಿ.ಟಿ. ನೋಡಿ ಪ್ಲಾನ್ ಮಾಡುತ್ತಾರೆಯೇ, ಎಡಸ್ತನವಾದರೆ ಉಸಿರು ಹಿಡಿಸಿ ಕೊಡುವ ವ್ಯವಸ್ಥೆ (ಯಾಕೆಂದು ಮುಂದೆ ಹೇಳಿದೆ) ಇದೆಯೇ, ಸರ್ಕಾರಿ ಯೋಜನೆಯ ನಿಮ್ಮ ಕಾರ್ಡ್ ನಡೆಯುತ್ತದೆಯೇ. ಇಲ್ಲವಾದರೆ ಈ ಭಾಗದವರು ಹೋಗುವುದು ಹೆಚ್ಚಾಗಿ ಬೆಂಗಳೂರಿನ ಕಿದ್ವಾಯಿ ಕ್ಯಾನ್ಸರ್ ಆಸ್ಪತ್ರೆಗೆ ಅಥವಾ ಹುಬ್ಬಳ್ಳಿ ನವನಗರದ ಕ್ಯಾನ್ಸರ್ ಆಸ್ಪತ್ರೆಗೆ. ಹರಿಹರ, ದಾವಣಗೆರೆ ಕಡೆಯವರಿಗೆ ಹುಬ್ಬಳ್ಳಿ ಹತ್ತಿರ. ಹಿರಿಯೂರು, ಚಳ್ಳಕೆರೆಯವರಿಗೆ ಬೆಂಗಳೂರೇ ಸಲೀಸು.

ಆಯುಷ್ಮಾನ್ ಭಾರತ್–ಆರೋಗ್ಯ ಕರ್ನಾಟಕ ಯೋಜನೆಯಲ್ಲಿ ಬಿಪಿಎಲ್ ಕುಟುಂಬಕ್ಕೆ ವರ್ಷಕ್ಕೆ 5 ಲಕ್ಷ ರೂಪಾಯಿವರೆಗೆ, ಎಪಿಎಲ್‌ನವರಿಗೆ ಪ್ಯಾಕೇಜ್ ದರದ 30%ರಂತೆ ವರ್ಷಕ್ಕೆ 1.5 ಲಕ್ಷದವರೆಗೆ ನೆರವಿದೆ. ಆಸ್ಪತ್ರೆಯೇ ಮೊದಲು ಮಂಜೂರಾತಿ ತರಿಸಿಕೊಂಡು ಆಮೇಲೆ ಚಿಕಿತ್ಸೆ ಶುರುಮಾಡಬೇಕು. ಕೈಯಿಂದ ಕಟ್ಟಿ ಆಮೇಲೆ ವಾಪಸ್ ಕೇಳುವ ದಾರಿ ಇದಲ್ಲ. ರೇಷನ್ ಕಾರ್ಡ್, ಆಧಾರ್ ಎರಡರಲ್ಲೂ ಹೆಸರು ಒಂದೇ ರೀತಿ ಇದೆಯೇ ಎಂದು ಹೊರಡುವ ಮುಂಚೆ ನೋಡಿ. ತವರಿನ ಹೆಸರು ಒಂದರಲ್ಲಿ, ಗಂಡನ ಮನೆಯ ಹೆಸರು ಇನ್ನೊಂದರಲ್ಲಿದ್ದರೆ ಕೌಂಟರಿನಲ್ಲಿ ದಿನಗಟ್ಟಲೆ ಅಲೆಯಬೇಕಾಗುತ್ತದೆ. ಸರ್ಕಾರಿ ಆಸ್ಪತ್ರೆಯ ರೆಫರಲ್ ಚೀಟಿ ಬೇಕೇ ಎಂಬುದನ್ನೂ ಆಗಲೇ ಕೇಳಿಕೊಳ್ಳಿ.

ಫೈಲಿನಲ್ಲಿ ಇರಬೇಕಾದ್ದು: ಬಯಾಪ್ಸಿ ರಿಪೋರ್ಟ್, ಆಪರೇಷನ್ ನಂತರದ ಪೂರ್ತಿ ರಿಪೋರ್ಟ್ (ಎಷ್ಟು ಗ್ರಂಥಿ ತೆಗೆದರು, ಎಷ್ಟರಲ್ಲಿ ಕ್ಯಾನ್ಸರ್ ಇತ್ತು ಎಂಬುದು ಇದರಲ್ಲೇ ಇರುತ್ತದೆ), ಇಆರ್–ಪಿಆರ್–ಹರ್2 ಫಲಿತಾಂಶ (ಯಾವ ಔಷಧಿ ನಾಟುತ್ತದೆಂದು ತಿಳಿಯಲು ಗಡ್ಡೆಯ ತುಣುಕಿನ ಮೇಲೆ ಮಾಡುವ ಪರೀಕ್ಷೆ), ಕೀಮೋ ಔಷಧಿಗಳ ಹೆಸರು ಮತ್ತು ತಾರೀಖು, ಡಿಸ್ಚಾರ್ಜ್ ಸಾರಾಂಶ. ಪೇಸ್‌ಮೇಕರ್ ಇದ್ದರೆ, ಎದೆಗೆ ಹಿಂದೆ ಎಂದಾದರೂ ರೇಡಿಯೇಷನ್ ಆಗಿದ್ದರೆ, ಮುಟ್ಟು ತಪ್ಪಿದ್ದರೆ ಮೊದಲ ಭೇಟಿಯಲ್ಲೇ ಹೇಳಿ. ಗರ್ಭಿಣಿಗೆ ಈ ಚಿಕಿತ್ಸೆ ಕೊಡುವುದಿಲ್ಲ, ಚಿಕಿತ್ಸೆ ನಡೆಯುವಾಗ ಗರ್ಭ ನಿಲ್ಲದ ಹಾಗೆಯೂ ನೋಡಿಕೊಳ್ಳಬೇಕು.

ಪ್ರಯಾಣದ ಖರ್ಚೂ ಸಣ್ಣದಲ್ಲ. ಶಕ್ತಿ ಯೋಜನೆಯಲ್ಲಿ ಸಾಮಾನ್ಯ ಮತ್ತು ವೇಗದೂತ ಸರ್ಕಾರಿ ಬಸ್ಸುಗಳಲ್ಲಿ ಹೆಂಗಸರಿಗೆ ಟಿಕೆಟ್ ಇಲ್ಲ. ಅಂದಮೇಲೆ ಜೊತೆಗೆ ಅಕ್ಕನೋ ಮಗಳೋ ಬಂದರೆ ಇಬ್ಬರಿಗೂ ಖರ್ಚು ಉಳಿಯುತ್ತದೆ. ದಾವಣಗೆರೆ ಬೆಂಗಳೂರು–ಹುಬ್ಬಳ್ಳಿ ರೈಲು ಮಾರ್ಗದಲ್ಲೇ ಇದೆ. ಕ್ಯಾನ್ಸರ್ ರೋಗಿಗೆ ಚಿಕಿತ್ಸೆಯ ಪ್ರಯಾಣಕ್ಕೆ ಸ್ಲೀಪರ್ ಮತ್ತು ಎಸಿ 3 ಟೈರ್‌ನಲ್ಲಿ ಪೂರ್ತಿ ರಿಯಾಯಿತಿ, ಜೊತೆಗಾರರೊಬ್ಬರಿಗೆ 75% ರಿಯಾಯಿತಿ ಇದೆ. ಅದಕ್ಕೆ ರೈಲ್ವೆಯ ನಿಗದಿತ ನಮೂನೆಯಲ್ಲಿ ಆಸ್ಪತ್ರೆಯ ಡಾಕ್ಟರ್ ಸಹಿ, ಮೊಹರು ಬೇಕು. ಮೊದಲ ಭೇಟಿಯಲ್ಲೇ ಕೇಳಿ ಬರೆಸಿಕೊಳ್ಳಿ. ಚಿತ್ರದುರ್ಗದವರಿಗೆ ಹೆದ್ದಾರಿಯ ಬಸ್ಸೇ ಸುಲಭ. ಆದರೆ ದಿನಾ ಹೋಗಿಬರುವ ಯೋಚನೆ ಬೇಡ. ಚಿತ್ರದುರ್ಗದಿಂದ ಬೆಂಗಳೂರಿಗೆ 200 ಕಿ.ಮೀ., ಎರಡನೆಯ ವಾರಕ್ಕೆ ಮೈ ತಡೆಯುವುದಿಲ್ಲ. ಆಸ್ಪತ್ರೆಯ ಹತ್ತಿರದ ಧರ್ಮಶಾಲೆ, ಛತ್ರಗಳ ವಿಷಯವನ್ನು ಅಲ್ಲಿನ ಸಮಾಜ ಕಾರ್ಯಕರ್ತರ ಬಳಿ ಕೇಳಿ.

ತೋಳು ಮೇಲೆ ಹೋಗಬೇಕು

ಇದನ್ನು ಯಾರೂ ಸರಿಯಾಗಿ ಹೇಳಿ ಕಳಿಸುವುದಿಲ್ಲ. ಚಿಕಿತ್ಸೆಯ ಟೇಬಲ್ ಮೇಲೆ ಅಂಗಾತ ಮಲಗಿ, ತೋಳನ್ನು ತಲೆಯ ಮೇಲಕ್ಕೆ ಎತ್ತಿ, ಅಲ್ಲಿರುವ ಹಿಡಿಕೆಯನ್ನು ಹಿಡಿದು ಕಾಲು ಗಂಟೆ ಅಲುಗಾಡದೆ ಇರಬೇಕು. ತೋಳು ಅಡ್ಡ ಬಂದರೆ ಕಿರಣಕ್ಕೆ ದಾರಿ ಇಲ್ಲ. ಆಪರೇಷನ್ ಆದ ಕಡೆ ನೋವಾಗುತ್ತದೆಂದು ತಿಂಗಳುಗಟ್ಟಲೆ ಕೈಯನ್ನು ಹೊಟ್ಟೆಗೆ ಒತ್ತಿಕೊಂಡೇ ಇದ್ದವರ ಭುಜ ಬಿಗಿದುಕೊಂಡಿರುತ್ತದೆ. ಅಂಥವರನ್ನು ‘ಎಕ್ಸರ್‌ಸೈಜ್ ಮಾಡಿಕೊಂಡು ಎರಡು ವಾರ ಬಿಟ್ಟು ಬನ್ನಿ’ ಎಂದು ವಾಪಸ್ ಕಳಿಸಬೇಕಾಗುತ್ತದೆ.

ಗಾಯದ ನೀರು ಹೋಗಲು ಇಟ್ಟ ಡ್ರೈನ್ ಪೈಪ್ ತೆಗೆದ ಮೇಲೆ, ಸರ್ಜನ್ ಸರಿ ಎಂದ ದಿನದಿಂದ ಇದನ್ನು ಶುರುಮಾಡಿ. ಗೋಡೆಗೆ ಎದುರಾಗಿ ಒಂದು ಅಡಿ ದೂರ ನಿಲ್ಲಿ. ಆಪರೇಷನ್ ಆದ ಕಡೆಯ ಬೆರಳುಗಳನ್ನು ಗೋಡೆಯ ಮೇಲೆ ಇಟ್ಟು ಜೇಡ ಹತ್ತಿದ ಹಾಗೆ ಮೆಲ್ಲಗೆ ಮೇಲಕ್ಕೆ ಹತ್ತಿಸಿ. ಎಳೆತ ಶುರುವಾದಲ್ಲಿ ನಿಲ್ಲಿಸಿ ಹತ್ತು ಎಣಿಸಿ, ಮೆಲ್ಲಗೆ ಇಳಿಸಿ. ತಲುಪಿದ ಜಾಗಕ್ಕೆ ಪೆನ್ಸಿಲಿನಿಂದ ಗೆರೆ ಹಾಕಿ ತಾರೀಖು ಬರೆಯಿರಿ. ಹತ್ತು ಸಲ, ದಿನಕ್ಕೆ ಮೂರು ಹೊತ್ತು. ಆಮೇಲೆ ಪಕ್ಕಕ್ಕೆ ತಿರುಗಿ ನಿಂತು ಅದನ್ನೇ ಮಾಡಿ. ಗೆರೆ ವಾರಕ್ಕೆ ನಾಲ್ಕು ಬೆರಳು ಮೇಲೆ ಹೋದರೂ ಸಾಕು. ಎಳೆತ ಇರಬಹುದು, ಚುಚ್ಚುವ ನೋವು ಬರಬಾರದು. ಈ ವ್ಯಾಯಾಮವನ್ನು ರೇಡಿಯೇಷನ್ ನಡೆಯುವಾಗಲೂ, ಮುಗಿದ ಮೇಲೆ ಕನಿಷ್ಠ ಒಂದು ವರ್ಷವೂ ಬಿಡಬಾರದು. ಕಿರಣ ಬಿದ್ದ ಸ್ನಾಯು ತಿಂಗಳುಗಳ ನಂತರವೂ ಗಟ್ಟಿಯಾಗುತ್ತ ಹೋಗುತ್ತದೆ.

ಎಡಸ್ತನದವರು ಇನ್ನೊಂದನ್ನು ಕಲಿಯಬೇಕು. ಎದೆ ತುಂಬ ಉಸಿರೆಳೆದರೆ ಶ್ವಾಸಕೋಶ ಉಬ್ಬಿ ಹೃದಯ ಹಿಂದಕ್ಕೆ ಸರಿಯುತ್ತದೆ, ಕಿರಣದ ದಾರಿಯಿಂದ ದೂರವಾಗುತ್ತದೆ. ಹೊಟ್ಟೆ ಉಬ್ಬಿಸದೆ, ಎದೆ ಉಬ್ಬಿಸಿ ಉಸಿರೆಳೆದು 20 ಸೆಕೆಂಡ್ ಹಿಡಿಯಿರಿ, ಬಿಡಿ. ಮಲಗಿಕೊಂಡೇ ದಿನಕ್ಕೆ ಹತ್ತು ಸಲ ಅಭ್ಯಾಸ ಮಾಡಿ.

ಪ್ಲಾನಿಂಗ್ ಸ್ಕ್ಯಾನ್, ತಾಳಿ, ಗುರುತುಗಳು

ಮೊದಲ ದಿನ ಚಿಕಿತ್ಸೆ ಇರುವುದಿಲ್ಲ, ಸಿ.ಟಿ. ಸ್ಕ್ಯಾನ್ ಮಾತ್ರ. ಗಾಯದ ಗೆರೆಯ ಮೇಲೆ ಸಣ್ಣ ತಂತಿ ಅಂಟಿಸಿ ಸ್ಕ್ಯಾನ್ ಮಾಡಿ, ಮೈಮೇಲೆ ಗುರುತು ಹಾಕುತ್ತಾರೆ. ಆಮೇಲೆ ಕಿರಣ ಯಾವ ಕೋನದಿಂದ, ಎಷ್ಟು ಎಂದು ಕಂಪ್ಯೂಟರಿನಲ್ಲಿ ಲೆಕ್ಕ ಹಾಕಲು ಕೆಲವು ದಿನ ಹಿಡಿಯುತ್ತದೆ. ಆ ದಿನಗಳಲ್ಲಿ ಊರಿಗೆ ಬಂದು ಹೋಗಬಹುದು.

ಕುತ್ತಿಗೆಯಲ್ಲಿ, ಎದೆಯ ಮೇಲೆ ಲೋಹ ಇರಬಾರದು. ತಾಳಿ ತೆಗೆಯಬೇಕು ಎಂದಾಗ ಎಷ್ಟೋ ಹೆಂಗಸರು ಅಲ್ಲೇ ಅತ್ತುಬಿಡುತ್ತಾರೆ. ಇದು ಸಣ್ಣ ವಿಷಯವಲ್ಲ, ಆದ್ದರಿಂದ ಮನೆಯಲ್ಲೇ ಮಾತಾಡಿ ನಿರ್ಧರಿಸಿ ಹೋಗಿ. ಚಿಕಿತ್ಸೆಯ ಅಷ್ಟೂ ದಿನ ತಾಳಿಯನ್ನು ಅರಿಶಿನ ದಾರದಲ್ಲಿ ಪೋಣಿಸಿ ಆರೋಗ್ಯವಾಗಿರುವ ಕಡೆಯ ಮುಂಗೈಗೆ ಕಟ್ಟಿಕೊಳ್ಳುವುದು ಒಂದು ದಾರಿ. ದೇವರ ಮುಂದೆ ಇಟ್ಟು ಬರುವವರೂ ಇದ್ದಾರೆ. ಮುಂಗೈಗೆ ಕಟ್ಟಿದ್ದನ್ನು ತಂತ್ರಜ್ಞರಿಗೆ ತೋರಿಸಿ, ಅಡ್ಡಿಯಾದರೆ ಹೇಳುತ್ತಾರೆ.

ಮೈಮೇಲಿನ ಗುರುತು ಚುಕ್ಕೆಯಷ್ಟು ಹಚ್ಚೆಯಾಗಿರಬಹುದು, ಮಾರ್ಕರ್ ಗೆರೆಯೂ ಇರಬಹುದು. ಗೆರೆಯಾದರೆ ಎಣ್ಣೆಸ್ನಾನ ಬೇಡವೇ ಬೇಡ. ಅಳಿಸಿದರೆ ಮನೆಯಲ್ಲಿ ಪೆನ್ನಿನಿಂದ ತಿದ್ದಬೇಡಿ, ಒಂದು ಸೆಂಟಿಮೀಟರ್ ಆಚೀಚೆ ಆದರೂ ಕಿರಣ ಬೀಳುವ ಜಾಗ ತಪ್ಪುತ್ತದೆ. ಅಳಿಸಿದೆ ಎಂದು ಹೇಳಿ ಸಾಕು, ಅವರೇ ಮತ್ತೆ ಹಾಕುತ್ತಾರೆ. ಮಾರ್ಕರ್ ಬಣ್ಣ ಬಟ್ಟೆಗೆ ಹತ್ತುತ್ತದೆ, ಹಳೆಯ ರವಿಕೆ ಹಾಕಿ.

ದಿನಾ ಏನಾಗುತ್ತದೆ

ಚಿಕಿತ್ಸೆ ಶುರುವಾಗುವ ದಿನ ಜಾಗ ಸರಿಯಾಗಿದೆಯೇ ಎಂದು ಎಕ್ಸ್‌ರೇ ತೆಗೆದು ನೋಡುವುದರಿಂದ ತಡವಾಗುತ್ತದೆ. ಆಮೇಲೆ ಟೇಬಲ್ ಮೇಲೆ 10–15 ನಿಮಿಷ, ಅದರಲ್ಲಿ ಕಿರಣ ಬೀಳುವುದು ಕೆಲವೇ ನಿಮಿಷ. ಮಷೀನ್ ಸುತ್ತ ತಿರುಗುತ್ತದೆ, ಗುಂಯ್ ಎನ್ನುತ್ತದೆ, ಮೈಗೆ ತಾಗುವುದಿಲ್ಲ. ಎಲ್ಲರೂ ಹೊರಗೆ ಹೋಗಿ ಬಾಗಿಲು ಹಾಕಿದಾಗ ಒಬ್ಬರೇ ಆದೆವೆಂದು ದಿಗಿಲಾಗಬಹುದು. ಕ್ಯಾಮೆರಾ, ಮೈಕ್ ಎರಡೂ ಇರುತ್ತವೆ. ಕೆಮ್ಮು ಬಂದರೆ, ತಲೆಸುತ್ತಿದರೆ ಅಲುಗಾಡಬೇಡಿ, ಬಾಯಿಬಿಟ್ಟು ಕೂಗಿ. ನಿಲ್ಲಿಸಿ ಒಳಗೆ ಬರುತ್ತಾರೆ.

ಉಪವಾಸ ಬೇಕಿಲ್ಲ, ತಿಂಡಿ ತಿಂದೇ ಹೋಗಿ. ತಲೆಗೂದಲು ಇದರಿಂದ ಉದುರುವುದಿಲ್ಲ. ಕೀಮೋದಲ್ಲಿ ಉದುರಿದ್ದು ಈ ವಾರಗಳಲ್ಲೇ ಮತ್ತೆ ಚಿಗುರುವುದುಂಟು. ಕಂಕುಳ ಕೂದಲು ಮಾತ್ರ ಹೋಗಬಹುದು.

ಚರ್ಮ: ಎಲ್ಲಕ್ಕಿಂತ ಹೆಚ್ಚು ಗಮನ ಇಲ್ಲಿ

ಎರಡನೆಯ ವಾರದ ಕೊನೆಗೆ ಬದಲಾವಣೆ ಶುರು. ಪುಸ್ತಕಗಳಲ್ಲಿ ‘ಕೆಂಪಾಗುತ್ತದೆ’ ಎಂದಿರುತ್ತದೆ. ನಮ್ಮ ಮೈಬಣ್ಣದಲ್ಲಿ ಕೆಂಪು ಕಾಣುವುದಿಲ್ಲ. ಕಪ್ಪಾಗುತ್ತದೆ, ಮುಟ್ಟಿದರೆ ಬಿಸಿ ಅನಿಸುತ್ತದೆ, ತುರಿಸುತ್ತದೆ. ಕೆಂಪಾಗಿಲ್ಲ ಎಂದು ಸುಮ್ಮನಿದ್ದು, ಸಿಪ್ಪೆ ಏಳುವ ಹೊತ್ತಿಗೆ ಹೇಳುವವರೇ ಹೆಚ್ಚು. ಎಲ್ಲಕ್ಕಿಂತ ಮೊದಲು ಒಡೆಯುವುದು ಕಂಕುಳು ಮತ್ತು ಸ್ತನದ ಕೆಳಗಿನ ಮಡಿಕೆ, ಬೆವರು ನಿಂತು ಚರ್ಮಕ್ಕೆ ಚರ್ಮ ಉಜ್ಜುವ ಜಾಗಗಳು. ಕನ್ನಡಿ ಹಿಡಿದು ದಿನಾ ರಾತ್ರಿ ಅಲ್ಲಿ ನೋಡಿ.

ಸ್ನಾನ ಉಗುರುಬೆಚ್ಚಗಿನ ನೀರಲ್ಲಿ, ವಾಸನೆ ಕಡಿಮೆ ಇರುವ ಸೋಪಿನಲ್ಲಿ. ಅಂಗೈಯಿಂದ ಸೋಪು ಹಚ್ಚಿ, ಬ್ರಷ್ಷು, ತೆಂಗಿನ ನಾರು ಬೇಡ. ಟವೆಲಿನಿಂದ ಉಜ್ಜದೆ ಒತ್ತಿ ಒರೆಸಿ. ಡಾಕ್ಟರ್ ಹೇಳಿದ ಕ್ರೀಮನ್ನು ದಿನಕ್ಕೆ ಎರಡು ಸಲ ತೆಳುವಾಗಿ ಹಚ್ಚಿ, ಆದರೆ ಮಷೀನಿಗೆ ಹೋಗುವ ಮುಂಚೆ ದಪ್ಪಗೆ ಬಳಿದುಕೊಳ್ಳಬೇಡಿ. ದಪ್ಪ ಪದರ ಇದ್ದರೆ ಚರ್ಮದ ಮೇಲೆ ಬೀಳುವ ಡೋಸ್ ಹೆಚ್ಚುತ್ತದೆ. ಅರಿಶಿನ, ಗಿಡಮೂಲಿಕೆ ಲೇಪ, ಬಾಣಂತಿ ಎಣ್ಣೆ ಯಾವುದೂ ಬೇಡ. ಅರಿಶಿನ ಕೆಟ್ಟದ್ದೆಂದಲ್ಲ. ಒಣಗಿ ಅಂಟಿಕೊಂಡದ್ದನ್ನು ತೊಳೆಯಲು ಉಜ್ಜಿದಾಗ ಚರ್ಮವೇ ಕಿತ್ತು ಬರುತ್ತದೆ, ಗುರುತೂ ಹೋಗುತ್ತದೆ. ಕಂಕುಳಿಗೆ ರೇಜರ್ ಬೇಡ, ಬಿಸಿನೀರಿನ ಚೀಲ, ಐಸ್ ಎರಡೂ ಬೇಡ.

ಬ್ರಾ ಬಿಗಿ ಇರಬಾರದು. ಸಡಿಲ ಹತ್ತಿಯ ನೈಟಿ, ಇಲ್ಲವೇ ಗಂಡಸರ ಹತ್ತಿ ಬನಿಯನ್ನು ಒಳಗೆ ಹಾಕುವುದು ಒಳ್ಳೆಯದು. ಹತ್ತಾರು ಸಲ ಒಗೆದ ಹಳೆಯ ಪಂಚೆಯಷ್ಟು ಮೃದು ಬಟ್ಟೆ ಅಂಗಡಿಯಲ್ಲಿ ಸಿಗುವುದಿಲ್ಲ. ಅದನ್ನು ಕರವಸ್ತ್ರದಷ್ಟು ತುಂಡು ಮಾಡಿ, ಎರಡು ಮಡಿಕೆ ಮಾಡಿ ಸ್ತನದ ಕೆಳಗೆ ಇಟ್ಟುಕೊಳ್ಳಿ, ಒದ್ದೆಯಾದಾಗ ಬದಲಿಸಿ. ಒಂದು ಡಜನ್ ತುಂಡು ಒಗೆದು ಬಿಸಿಲಲ್ಲಿ ಒಣಗಿಸಿ ಚೀಲದಲ್ಲಿ ತನ್ನಿ. ಎಡಗಡೆ ಚಿಕಿತ್ಸೆಯಾದರೆ ಸೆರಗಿನ ಬಗ್ಗೆ ಎಚ್ಚರ: ಜರಿಯಂಚು, ಪಿನ್ನು ಸರಿಯಾಗಿ ಕೊರಳೆಲುಬಿನ ಮೇಲೆ, ಕಿರಣ ಬೀಳುವ ಜಾಗದಲ್ಲೇ ಉಜ್ಜುತ್ತವೆ.

ಈಗ ಮುಖ್ಯ ಮಾತು. ಚರ್ಮದ ತೊಂದರೆ ತಾರಕಕ್ಕೆ ಹೋಗುವುದು ಚಿಕಿತ್ಸೆ ನಡೆಯುವಾಗಲ್ಲ, ಕೊನೆಯ ದಿನ ಕಳೆದು ಒಂದರಿಂದ ಎರಡು ವಾರಕ್ಕೆ. ಅಷ್ಟರಲ್ಲಿ ಊರಿಗೆ ಬಂದಾಗಿರುತ್ತದೆ. ‘ಎಲ್ಲ ಮುಗೀತಲ್ಲ’ ಎಂದು ಒಲೆಯ ಮುಂದೆ ಕೂತಾಗಿರುತ್ತದೆ. ರೊಟ್ಟಿ ಬಡಿಯುವಾಗ ಹಂಚಿನ ಬಿಸಿ ನೇರ ಎದೆಗೆ ಹೊಡೆಯುತ್ತದೆ. ಮಂಡಕ್ಕಿ ಭಟ್ಟಿಯಲ್ಲಿ ದುಡಿಯುವವರಿಗೆ ಇದರ ಎರಡರಷ್ಟು. ಕೊನೆಯ ದಿನದಿಂದ ಒಂದು ತಿಂಗಳು ರೊಟ್ಟಿ, ಭಟ್ಟಿ, ಮಧ್ಯಾಹ್ನದ ಹೊಲ ಮೂರನ್ನೂ ಮನೆಯ ಬೇರೆಯವರು ವಹಿಸಿಕೊಳ್ಳಬೇಕು. ಏಪ್ರಿಲ್–ಮೇನಲ್ಲಿ ಮುಗಿಯುವ ಹಾಗಿದ್ದರೆ ಇನ್ನೂ ಹೆಚ್ಚು ಜಾಗ್ರತೆ.

ಸಿಪ್ಪೆ ಒಣಗಿ ಉದುರಿದರೆ ಕೀಳಬೇಡಿ. ನೀರು ಒಸರತೊಡಗಿದರೆ ಡಾಕ್ಟರಿಗೆ ಫೋನ್ ಮಾಡಿ: ಸಲೈನಿನಲ್ಲಿ ತೊಳೆದು, ಅಂಟದ ಡ್ರೆಸ್ಸಿಂಗ್ ಇಟ್ಟು, ಬೇಕಾದರೆ ಮುಲಾಮು ಬರೆದುಕೊಡುತ್ತಾರೆ. ಡ್ರೆಸ್ಸಿಂಗನ್ನು ಪ್ಲಾಸ್ಟರ್ ಅಂಟಿಸದೆ ಬನಿಯನ್ನಿನ ಒತ್ತಿನಲ್ಲಿ ನಿಲ್ಲಿಸಿ. ಕೀವು, ಕೆಟ್ಟ ವಾಸನೆ, 100.4 ಡಿಗ್ರಿ ದಾಟಿದ ಜ್ವರ ಬಂದರೆ ಅದೇ ದಿನ ಆಸ್ಪತ್ರೆಗೆ ಹೋಗಿ. ಇದಾವುದೂ ಇಲ್ಲದಿದ್ದರೆ ಸಾಮಾನ್ಯವಾಗಿ 3–4 ವಾರದಲ್ಲಿ ಹೊಸ ಚರ್ಮ ಬರುತ್ತದೆ. ಕಪ್ಪು ಬಣ್ಣ ತಿಳಿಯಾಗಲು ತಿಂಗಳುಗಳು ಬೇಕು.

ಸುಸ್ತು, ಗಂಟಲು

ಸುಸ್ತು ಎರಡನೆಯ ವಾರದಿಂದ ಬರುತ್ತದೆ, ಮುಗಿದ ಮೇಲೂ ಕೆಲವು ವಾರ ಇರುತ್ತದೆ. ಪೂರ್ತಿ ಮಲಗಿದರೆ ಹೆಚ್ಚಾಗುತ್ತದೆ. ಬೆಳಿಗ್ಗೆ ಸಂಜೆ ತಂಪು ಹೊತ್ತಲ್ಲಿ 20 ನಿಮಿಷ ನಡೆಯಿರಿ. ಮೊಟ್ಟೆ, ಮೊಳಕೆ ಹೆಸರುಕಾಳು, ಬೇಳೆ, ಮೊಸರು ದಿನಾ ಇರಲಿ. ಕೊರಳೆಲುಬಿನ ಹತ್ತಿರದ ಗ್ರಂಥಿಗೂ ಕಿರಣ ಕೊಟ್ಟರೆ ಮಾತ್ರ ನುಂಗುವಾಗ ಗಂಟಲು ಉರಿಯಬಹುದು. ಅಷ್ಟು ದಿನ ಮೆಣಸಿನಕಾಯಿ, ಬಿಸಿಬಿಸಿ ಚಹಾ ಬಿಟ್ಟು ಆರಿದ ರಾಗಿ ಅಂಬಲಿ, ಮೊಸರನ್ನ ಉಣ್ಣಿ. ಶಕ್ತಿ ಬರಲೆಂದು ಯಾರೋ ಕೊಟ್ಟ ವಿಟಮಿನ್ ಮಾತ್ರೆ, ಕಷಾಯಗಳನ್ನು ಡಾಕ್ಟರನ್ನು ಕೇಳದೆ ತೆಗೆದುಕೊಳ್ಳಬೇಡಿ. ಹೊಗೆಸೊಪ್ಪು, ಬೀಡಿ ಇದ್ದರೆ ಬಿಡಲು ಇದೇ ಸಮಯ.

ಮುಂದಿನ ತಿಂಗಳು, ವರ್ಷಗಳು

ಕಂಕುಳ ಗ್ರಂಥಿ ತೆಗೆದು ರೇಡಿಯೇಷನ್ನೂ ಆದವರಿಗೆ ಆ ಕಡೆಯ ಕೈ ಊದುವ ಸಂಭವ ಹೆಚ್ಚು, ವರ್ಷಗಳ ನಂತರವೂ. ಟೈಲರ್ ಟೇಪ್ ತನ್ನಿ. ಮೊಣಕೈ ಮಡಿಕೆಯಿಂದ 10 ಸೆಂ.ಮೀ. ಮೇಲೆ, 10 ಸೆಂ.ಮೀ. ಕೆಳಗೆ, ಎರಡೂ ಕೈಗಳ ಸುತ್ತಳತೆ ತಿಂಗಳಿಗೊಮ್ಮೆ ಬರೆದಿಡಿ. ಮೊದಲ ಅಳತೆಗಿಂತ ವ್ಯತ್ಯಾಸ 2 ಸೆಂ.ಮೀ. ಹೆಚ್ಚಾದರೆ ತೋರಿಸಿ, ಬೇಗ ಹಿಡಿದರೆ ಬಿಗಿ ತೋಳುಚೀಲ, ಮಸಾಜಿನಿಂದ ತಹಬಂದಿಗೆ ಬರುತ್ತದೆ. ಆ ಕೈಗೆ ಬಿಗಿ ಬಳೆ ಬೇಡ. ಅಡಿಕೆ ಸುಲಿಯುವಾಗ, ಹತ್ತಿ ಬಿಡಿಸುವಾಗ ಗ್ಲೌಸ್ ಇರಲಿ. ಸಣ್ಣ ಗೀರಿನಿಂದ ಕೈ ಕೆಂಪೇರಿ ಬಿಸಿಯಾಗಿ ಜ್ವರ ಬಂದರೆ ಅದೇ ದಿನ ಆಂಟಿಬಯಾಟಿಕ್ ಬೇಕು.

ಇನ್ನೊಂದು ತೊಂದರೆ ಇಲ್ಲಿ ಸುಲಭವಾಗಿ ದಾರಿ ತಪ್ಪಿಸುತ್ತದೆ. ರೇಡಿಯೇಷನ್ ಮುಗಿದು ಒಂದರಿಂದ ಆರು ತಿಂಗಳಲ್ಲಿ ಕೆಲವರಿಗೆ ಒಣಕೆಮ್ಮು, ಸಣ್ಣ ಜ್ವರ, ಏದುಸಿರು ಬರುತ್ತದೆ. ಕಿರಣದ ಅಂಚು ತಾಗಿದ ಶ್ವಾಸಕೋಶದ ಭಾಗ ಊದಿಕೊಳ್ಳುವುದೇ ಕಾರಣ. ಎಕ್ಸ್‌ರೇಯಲ್ಲಿ ಬಿಳಿ ಮಚ್ಚೆ ಕಂಡು ನ್ಯುಮೋನಿಯಾ ಅಥವಾ ಟಿ.ಬಿ. ಎಂದು ಔಷಧಿ ಶುರುವಾಗಬಹುದು. ಊರಿನ ಡಾಕ್ಟರ ಮುಂದೆ ಮೊದಲ ಮಾತೇ ‘ಇಂಥ ತಿಂಗಳು ಎದೆಗೆ ರೇಡಿಯೇಷನ್ ಆಗಿದೆ’ ಎಂದಿರಲಿ. ಇದಕ್ಕೆ ಸ್ಟಿರಾಯ್ಡ್ ಚಿಕಿತ್ಸೆ ಇದೆ, ಹೆಚ್ಚಿನವರು ಗುಣವಾಗುತ್ತಾರೆ.

ಸ್ತನ ಉಳಿಸಿಕೊಂಡವರು ರೇಡಿಯೇಷನ್ ಮುಗಿದ 6ರಿಂದ 12 ತಿಂಗಳಿಗೆ ಮೊದಲ ಮ್ಯಾಮೊಗ್ರಾಂ (ಸ್ತನದ ಎಕ್ಸ್‌ರೇ), ಆಮೇಲೆ ವರ್ಷಕ್ಕೊಂದು ಮಾಡಿಸಬೇಕು. ಒಂದು ಸ್ತನ ತೆಗೆಸಿಕೊಂಡವರು ಇನ್ನೊಂದಕ್ಕೆ ಮಾಡಿಸಬೇಕು.

ಕೊನೆಯ ದಿನ ಆಸ್ಪತ್ರೆಯಿಂದ ಹೊರಡುವಾಗ ಚಿಕಿತ್ಸೆ ಮುಗಿದ ಸಾರಾಂಶದ ಹಾಳೆ ಕೇಳಿ ಪಡೆಯಿರಿ. ಯಾವ ಜಾಗಕ್ಕೆ, ಎಷ್ಟು ಗ್ರೇ, ಎಷ್ಟು ದಿನ, ಯಾವ ತಾರೀಖಿನಿಂದ ಯಾವ ತಾರೀಖಿಗೆ ಎಂಬುದೆಲ್ಲ ಅದರಲ್ಲಿ ಇದೆಯೇ ನೋಡಿ. ಹತ್ತು ವರ್ಷದ ನಂತರ ಬೇರೆ ಯಾವುದೋ ಊರಿನ ಡಾಕ್ಟರ್ ಕೇಳುವುದೂ ಅದನ್ನೇ. ಒಂದು ಪ್ರತಿ ರೇಷನ್ ಕಾರ್ಡಿನ ಜೊತೆ ಟ್ರಂಕಿನಲ್ಲಿರಲಿ, ಒಂದು ಫೋಟೊ ಮಗಳ ಮೊಬೈಲಿನಲ್ಲಿರಲಿ.